ಸಡಿಲಗೊಳಿಸಿದ ಮದ್ದು ಹೊರಹೋಗುವ ದಾರಿ

ಗುಂಡ್ಲುಪೇಟೆ ಬಾಳೆಯ ಸೀಮೆ. ಆದರೆ ಡಯಾಲಿಸಿಸ್‌ಗೆ ಹೋಗಿ ಬರುವವರಿಗೆ ಹಿತ್ತಿಲ ಬಾಳೆಹಣ್ಣೂ ದೂರ, ಎಳನೀರೂ ದೂರ. ಕಾರಣ ಪೊಟ್ಯಾಶಿಯಂ. ಆಪರೇಷನ್ ಥಿಯೇಟರಿಗೆ ಬಂದರೂ ಅದು ಅವರ ಬೆನ್ನು ಬಿಡುವುದಿಲ್ಲ. ಉಸಿರಿನ ನಳಿಕೆ ಇಳಿಸಲು ಕೊಡುವ, ಸ್ನಾಯು ಸಡಿಲಿಸುವ ಮದ್ದು ಸ್ಕೋಲಿನ್ ರಕ್ತದ ಪೊಟ್ಯಾಶಿಯಂ ಮಟ್ಟವನ್ನು ಲೀಟರಿಗೆ ಅರ್ಧದಿಂದ ಒಂದು ಮಿಲಿಮೋಲ್‌ನಷ್ಟು ಏರಿಸುತ್ತದೆ. ಕಿಡ್ನಿ ಗಟ್ಟಿಯಿದ್ದವರಲ್ಲೂ ಏರಿಕೆ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಕಿಡ್ನಿ ಸೋತವರಿಗೆ ಸ್ಕೋಲಿನ್ ಬೇಡವೇ ಬೇಡ ಎಂಬ ಹಳೆಯ ಪಾಠವನ್ನು ನಾನು ಒಪ್ಪುವುದಿಲ್ಲ. ಮಟ್ಟ 5.5ರ ಒಳಗಿದ್ದು, ಹೊಟ್ಟೆ ತುಂಬಿದ ರೋಗಿಗೆ ತುರ್ತಾಗಿ ನಳಿಕೆ ಹಾಕಬೇಕಿದ್ದರೆ ಅದನ್ನು ಕೊಡಬಹುದು. ಆ ದಿನದ ರಕ್ತಪರೀಕ್ಷೆ ನೋಡದೆ ಕೊಡುವುದೇ ತಪ್ಪು.

ನನ್ನ ದೊಡ್ಡ ತಕರಾರು ಸ್ನಾಯು ಸಡಿಲಿಸುವ ಇನ್ನೊಂದು ಮದ್ದು ವೆಕ್ಯೂರೋನಿಯಂ ಬಗ್ಗೆ. ಸಣ್ಣ ಊರಿನ ಥಿಯೇಟರಿಗೆ ಇದು ಒಗ್ಗಿದ ಮದ್ದು: ಪುಡಿಯ ರೂಪ, ಕಪಾಟಿನಲ್ಲಿಟ್ಟರೂ ಕೆಡದು, ಬೇಕಾದಾಗ ನೀರು ಬೆರೆಸಿದರಾಯಿತು. ಆದರೆ ಅದರ ಸುಮಾರು ಮೂರನೇ ಒಂದು ಪಾಲು ಮೂತ್ರದಲ್ಲೇ ಹೋಗಬೇಕು. ದೇಹದಲ್ಲಿ ಅದು ಒಡೆದು ಹುಟ್ಟುವ ವಸ್ತುವಿಗೂ ಸ್ನಾಯು ಸಡಿಲಿಸುವ ಶಕ್ತಿಯಿದೆ, ಅದಕ್ಕೂ ಕಿಡ್ನಿಯ ಹಂಗಿದೆ. ಮೊದಲ ಡೋಸು ಹೇಗೋ ದಾಟುತ್ತದೆ. ಮೇಲೆ ಮೇಲೆ ಸೇರಿಸಿದ ಡೋಸುಗಳು ಮೈಯಲ್ಲೇ ಕೂತುಬಿಡುತ್ತವೆ.

ಅದೇ ಬಗೆಯ ಅಟ್ರಾಕ್ಯೂರಿಯಂ ಕಿಡ್ನಿ ಸೋತ ರೋಗಿಗೆ ಹೇಳಿ ಮಾಡಿಸಿದ ಮದ್ದು. ಗ್ಲಾಸ್ಗೋ ನಗರದ ಸ್ಟ್ರಾಥ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಸ್ಟೆನ್‌ಲೇಕ್ ಅದನ್ನು ರೂಪಿಸಿದ್ದೇ ಹಾಗೆ: ಮೈಯ ಬಿಸಿಗೆ, ರಕ್ತದ ಕ್ಷಾರಗುಣಕ್ಕೆ ಅದು ತಾನಾಗಿ ಒಡೆಯುತ್ತದೆ. ಕಿಡ್ನಿಯನ್ನೂ ಕಾಯುವುದಿಲ್ಲ, ಲಿವರನ್ನೂ ಕಾಯುವುದಿಲ್ಲ. ಈ ಗುಣವೇ ಅದರ ತೊಡಕು ಕೂಡ. ಮೈಯೊಳಗೆ ಒಡೆಯುವಂಥದ್ದು ಸೀಸೆಯೊಳಗೂ ಸೆಕೆಗೆ ನಿಧಾನವಾಗಿ ಒಡೆಯುತ್ತದೆ. ಅದನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಹೊರತೆಗೆದರೆ ಮತ್ತೆ ಫ್ರಿಜ್ಜಿಗಿಟ್ಟರೂ 14 ದಿನದೊಳಗೆ ಬಳಸಿ ಮುಗಿಸಬೇಕು. ಚಾಮರಾಜನಗರದ ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದಾಗ ಮದ್ದಿನ ಫ್ರಿಜ್ಜನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಅರಿವಳಿಕೆಯದೇ ಪ್ರಶ್ನೆ.

ಸಡಿಲಿಕೆಯನ್ನು ತೊಡೆಯುವ ಸುಗಮಾಡೆಕ್ಸ್ ಬಂದ ಮೇಲೆ ಚಿಂತೆಯಿಲ್ಲ ಎನ್ನುವವರಿದ್ದಾರೆ. 2008ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ಪಡೆದ ಈ ಮದ್ದು, ವೆಕ್ಯೂರೋನಿಯಂ ಬಗೆಯದೇ ಆದ ರೊಕ್ಯುರೋನಿಯಂ ಕಣವನ್ನು ತನ್ನೊಳಗೆ ಸೆರೆಹಿಡಿಯುತ್ತದೆ, ನಿಜ. ಆದರೆ ಆ ಜೋಡಿ ಹೊರಹೋಗಬೇಕಾದದ್ದು ಕಿಡ್ನಿಯ ಮೂಲಕವೇ. ಕಿಡ್ನಿ ತೀರಾ ಸೋತವರಿಗೆ ಬೇಡವೆಂದು ತಯಾರಕರ ಸೂಚನೆಯಲ್ಲೇ ಇದೆ. ಈಚಿನ ಅನುಭವ ಧೈರ್ಯ ಕೊಡುವಂತಿದ್ದರೂ ಅದನ್ನೇ ನೆಚ್ಚಿ ತಾಲ್ಲೂಕು ಮಟ್ಟದಲ್ಲಿ ಯೋಜನೆ ಹಾಕಲಾಗದು.

ಡಯಾಲಿಸಿಸ್‌ಗೆಂದು ತೋಳಿನ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡುವಾಗ ತೋಳಿನ ನರಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಟ್ಟರೆ ಈ ಯಾವ ಗೊಡವೆಯೂ ಇಲ್ಲ. ಹೊಟ್ಟೆಯ ಆಪರೇಷನ್ನಿಗೆ ಆ ಅನುಕೂಲ ಎಲ್ಲ ಸಲವೂ ಸಿಗದು. ಅಲ್ಲಿ ಕೊನೆಗೆ ಸಡಿಲಿಕೆ ಇಳಿಸುವ ನಿಯೋಸ್ಟಿಗ್ಮಿನ್ ಕೊಟ್ಟು, "ತಲೆ ಎತ್ತಿ" ಅಂದು, ಎತ್ತಿದರೆ ನಳಿಕೆ ತೆಗೆಯುವ ರೂಢಿಯಿದೆ. ಈ ರೂಢಿ ಹೋಗಬೇಕು. ಮುಂಗೈ ನರವನ್ನು ನಾಲ್ಕು ಸಲ ಮಿಡಿಸಿ ಅಳೆಯುವ ಪುಟ್ಟ ಯಂತ್ರ ನಾಲ್ಕನೇ ಮಿಡಿತ ಮೊದಲನೆಯದರ 0.9ರಷ್ಟಾದರೂ ಇದೆಯೆಂದು ತೋರಿಸಬೇಕು, ಅದಕ್ಕಿಂತ ಎಷ್ಟೋ ಕೆಳಗಿರುವವರೂ ತಲೆ ಎತ್ತಬಲ್ಲರು. ವಾರ್ಡಿಗೆ ಹೋದ ಮೇಲೆ ಅವರ ಉಸಿರು ಸೋತರೆ, ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡು ದಾಟಿ ಮೈಸೂರಿನ ದೊಡ್ಡಾಸ್ಪತ್ರೆಗೆ ಸುಮಾರು 60 ಕಿಲೋಮೀಟರ್.