ಸಿಟ್ಟು ಬರಿಸುವ ರಾಣಿಯನ್ನು ಓದುವ ಬಗೆ

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಇಳಿದವರು ಹೇಳುವುದೆಲ್ಲ ಕಡಿದಾದ ಬಂಡೆ, ಮಂಡಿನೋವು, ಮೇಲಿನ ಗಾಳಿ ಇವುಗಳ ಮಾತೇ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆಯಿಟ್ಟದ್ದು ಇದೇ ಕೋಟೆಯಲ್ಲಿ. 1763ರಲ್ಲಿ ಬಿದನೂರು ಬಿತ್ತು. 1767ರಲ್ಲಿ ಪೇಶ್ವೆ ಮಾಧವರಾಯನ ದಂಡು ಮಧುಗಿರಿ ಹಿಡಿದಾಗ ಅವಳಿಗೆ ಬಿಡುಗಡೆಯಾಯಿತು. ಆದರೆ ಪುಣೆ ಮುಟ್ಟುವ ಮೊದಲೇ ತೀರಿಕೊಂಡಳು.

ಮಾಸ್ತಿಯವರ ‘ಚೆನ್ನಬಸವನಾಯಕ’ ಕಾದಂಬರಿಯಲ್ಲಿ ಓದುಗರ ತಾಳ್ಮೆ ಕೆಡಿಸುವವಳೂ ಇವಳೇ. ಗಂಡ ಬಸಪ್ಪನಾಯಕ ಸತ್ತಿದ್ದಾನೆ, ದತ್ತುಮಗ ಚೆನ್ನಬಸವ ಪ್ರಾಯಕ್ಕೆ ಬಂದಿದ್ದಾನೆ, ರಾಣಿಯ ಮನಸ್ಸು ಮಾತ್ರ ಪ್ರಿಯಕರ ನಿಂಬಯ್ಯನ ಮೇಲೆ. ಹುಡುಗನ ಮೇಲೆ ಅಕ್ಕರೆ ಹುಟ್ಟಲು ಹೆಚ್ಚು ಪುಟ ಬೇಕಿಲ್ಲ. ಹೊಸಬರು ಪುಸ್ತಕ ಮುಚ್ಚಿಡುವುದೂ ಇಲ್ಲೇ: ‘ಇವಳಿಗೆ ಬುದ್ಧಿ ಬೇಡವೆ?’

ಮುಚ್ಚಬಾರದು. ಚಾರಿತ್ರಿಕ ಕಾದಂಬರಿಯಲ್ಲಿ ಕೊನೆ ಮೊದಲೇ ಗೊತ್ತಿರುತ್ತದೆ, ಬಿದನೂರು ಉಳಿಯುವುದಿಲ್ಲ. ಹಾಗಾಗಿ ಮುಂದೇನು ಎನ್ನುವುದಕ್ಕಿಂತ, ತಪ್ಪಿಸಿಕೊಳ್ಳುವ ದಾರಿ ಎಲ್ಲೆಲ್ಲಿ ತೆರೆದಿತ್ತು, ರಾಣಿ ಯಾಕೆ ಅತ್ತ ತಿರುಗಲಿಲ್ಲ ಎಂದು ನೋಡುತ್ತ ಹೋಗಬೇಕು. ನಾಯಕ ಇಷ್ಟವಾಗುವುದರ ಗುಟ್ಟೂ ಅಲ್ಲಿದೆ: ಪಟ್ಟ ಅವನದು, ಅಧಿಕಾರ ಅವಳದು. ಕೈ ಕಟ್ಟಿಸಿಕೊಂಡವನು ಒಳ್ಳೆಯವನಾಗಿರುವುದು ಸುಲಭ; ತೀರ್ಮಾನ ಮಾಡಬೇಕಾದವಳ ತಪ್ಪುಗಳೇ ಎದ್ದು ಕಾಣುತ್ತವೆ.

ಜೊತೆಗೆ ಮಾಸ್ತಿಯವರದೇ ‘ಚಿಕವೀರ ರಾಜೇಂದ್ರ’ (1956) ಓದಿದರೆ ರುಚಿ ಹೆಚ್ಚು. ಅಲ್ಲಿ ತಕ್ಕಡಿ ತಿರುಗಿದೆ. ರೇಗಿಸುವವನು ಕೊಡಗಿನ ದೊರೆ, ತಾಳಿಕೊಳ್ಳುವವಳು ರಾಣಿ ಗೌರಮ್ಮ. ಎರಡರಲ್ಲೂ ಅರಮನೆಯ ಒಳಜಗಳವೇ ಹೊರಗಿನವನಿಗೆ ಬಾಗಿಲು ತೆರೆಯುತ್ತದೆ.

ಬಿದನೂರಿಗೆ ಹೊರಗಿನವನಾದ ಹೈದರನ ಹೆಜ್ಜೆ ಹುಡುಕುವವರು ಶಿರಾಕ್ಕೆ ಹೋಗಬೇಕು. 1761ರಲ್ಲಿ ನಿಜಾಮನ ಸೋದರ ಬಸಾಲತ್ ಜಂಗ್ ಅವನಿಗೆ ಶಿರಾದ ನವಾಬನೆಂಬ ಪದವಿ ಕೊಟ್ಟ. ಎರಡೇ ವರ್ಷಕ್ಕೆ ಹೈದರ್ ಬಿದನೂರಿನ ಬಾಗಿಲಲ್ಲಿದ್ದ. ಸತ್ತನೆಂದುಕೊಂಡಿದ್ದ ಚೆನ್ನಬಸವ ತಾನೇ ಎಂದು ಹೇಳಿಕೊಂಡ ಒಬ್ಬನ ನೆಪವೂ ಅವನಿಗೆ ಸಿಕ್ಕಿತ್ತು. ರಾಣಿಯ ಪ್ರಣಯದ ಕಥೆಯನ್ನು ಇಂಗ್ಲಿಷ್‌ನಲ್ಲಿ ದಾಖಲಿಸಿದ ಮಾರ್ಕ್ ವಿಲ್ಕ್ಸ್, ಅವಳ ರಾಜ್ಯ ಬಿದ್ದು ದಶಕಗಳಾದ ಮೇಲೆ ಬರೆದವನು. ಅವಳ ಕಡೆಯ ಮಾತನ್ನು ಅವನು ಕೇಳಿದವನಲ್ಲ ಎಂಬುದು ಓದುವಾಗ ನೆನಪಿರಲಿ.

ಕೊರಟಗೆರೆ ಮೇಲೆ ಮಧುಗಿರಿಗೆ ಬಂದು ಬೆಟ್ಟ ನೋಡಿದವರು ಪಾವಗಡದ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ಮಿಡಿಗೇಶಿ ಸಿಗುತ್ತದೆ. ಹಿಮ್ಮಡಿ ಮುಟ್ಟುವ ಕೂದಲಿನ ಹೆಣ್ಣೊಬ್ಬಳು ಅಲ್ಲಿ ಕೊಂಡ ಹೊಕ್ಕು ಸತಿಯಾದಳೆಂದು, ಊರಿಗೆ ಅವಳದೇ ಹೆಸರೆಂದು ಐತಿಹ್ಯ. ಅವಳ ಮೇಲೆ ಯಾರಿಗೂ ಸಿಟ್ಟಿಲ್ಲ. ಅವಳು ಏನನ್ನಾದರೂ ಬಯಸಿದಳೆಂದು ಆ ಕಥೆ ಹೇಳುವುದೂ ಇಲ್ಲ.