ಎಲೆಯಾಟದ ವಾಕ್ಯವಿಚಾರ

ಆಟವು ವಿಮರ್ಶೆಗೆ ವಿಷಯವಾಗಬಲ್ಲುದೆ ಎಂಬ ಆಕ್ಷೇಪವು ಪಂಡಿತರ ಮಂಡಲಿಯಲ್ಲಿ ಏಳುವುದು ಸಹಜವೇ. ಆದರೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದಕ್ಕೆ ಬಹು ಹಿಂದೆಯೇ ಸಮಾಧಾನವನ್ನು ಕೊಟ್ಟಿರುತ್ತಾರೆ. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯು ಗಂಜೀಫದ ಛದಗಳನ್ನು, ಮೊದಲಿನ ನಿಧಿಗಳು ದೇವತಾಮೂರ್ತಿಗಳನ್ನು ನಿರೂಪಿಸಿದಷ್ಟೇ ಶ್ರದ್ಧೆಯಿಂದ ನಿರೂಪಿಸುತ್ತದೆ. ಚಾಮುಂಡೇಶ್ವರೀ ಛದಕ್ಕೆ 16 ವರ್ಗಗಳು, 320 ಎಲೆಗಳು. ಜಗನ್ಮೋಹನ ಛದಕ್ಕೆ 18 ವರ್ಗಗಳು, 360 ಎಲೆಗಳು. ಛದಶಬ್ದಕ್ಕೆ ಸಂಸ್ಕೃತದಲ್ಲಿ ಎಲೆಯೆಂದೇ ಅರ್ಥವಾಗುವುದರಿಂದ ಇಸ್ಪೀಟಿನ ‘ಎಲೆ’ ಎಂಬ ಕನ್ನಡದ ರೂಢಿಯೂ ಅರಮನೆಯ ಪರಿಭಾಷೆಯೂ ಇಲ್ಲಿ ಒಂದಾಗಿವೆ. ಕಳಾವರ, ಆಟೀನು ಎಂಬುವು ಡಚ್ಚರ ಕ್ಲಾವರ್, ಹಾರ್ಟೆನ್ ಎಂಬ ಮಾತುಗಳ ತದ್ಭವಗಳಾಗಿರಬೇಕು. ಎಲೆಯೆಂಬುದು ಮಾತ್ರ ಅಚ್ಚಗನ್ನಡ. ಆದುದರಿಂದ ಈ ಲೇಖನದಲ್ಲಿಯೂ ಅದೇ ಶಬ್ದವನ್ನು ಬಳಸಲಾಗುವುದು.

ಪ್ರಕೃತ ವಿಮರ್ಶೆಗೆ ತೆಗೆದುಕೊಂಡಿರುವುದು ಅಂತರ್ಜಾಲದಲ್ಲಿ ಆಡುವ ಸಂಗ್ರಹದ ಎಲೆಯಾಟ. ಇಂತಹ ಆಟಗಳು ಹಲವಿದ್ದರೂ ಎಲ್ಲಕ್ಕೂ ಮೂಲವಾದುದು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞನು 1993ರಲ್ಲಿ ಹೊರಡಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’. ಕಾಗದದ ಎಲೆಗಳಲ್ಲಿ ಹುಟ್ಟಿದ ಆ ಆಟವನ್ನು ಗಣಕಯಂತ್ರದಲ್ಲಿ ಆಡಿಸುವ ‘ಅರೇನಾ’ ಎಂಬ ರೂಪವು 2019ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. 2021ರಲ್ಲಿ ಕೈಯ ಫೋನಿಗೂ ಬಂದಿತು. ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳಿಂದ ಈಚೆಗೆ ತಾಲೂಕಾದ ಕಡಬ—ಈ ಸೀಮೆಯ ತೋಟದ ಮನೆಯೊಂದರ ಜಗಲಿಯಲ್ಲಿ ಕುಳಿತು ಬೇರೊಂದು ಖಂಡದವನೊಡನೆ ಎಲೆಯಾಡುವುದು ಹೀಗೆ ಸಾಧ್ಯವಾಗಿದೆ. ಹಿರಿಯರು ಇದನ್ನು ಇಸ್ಪೀಟಿನ ಸಾಲಿಗೆ ಸೇರಿಸಿ ಗದರಿಸುತ್ತಾರೆ. ಗದರುವುದಕ್ಕೆ ಕಾರಣವಿಲ್ಲವೆಂದಲ್ಲ, ಆದರೆ ಅವರು ಹೇಳುವ ಕಾರಣವು ಬೇರೆ, ಇರುವ ಕಾರಣವು ಬೇರೆ.

ಇಸ್ಪೀಟಿನ ಎಲೆಯಲ್ಲಿ ಅಂಕವೂ ಚಿಹ್ನೆಯೂ ಮಾತ್ರ ಇರುತ್ತವೆ. ನಿಯಮವು ಆಡುವವರ ನೆನಪಿನಲ್ಲಿರುತ್ತದೆ. ಈ ಆಟದ ಎಲೆಯಲ್ಲಿಯಾದರೋ ವಾಕ್ಯವೇ ಇದೆ. ಪ್ರತಿಯೊಂದು ಎಲೆಯೂ ಒಂದೊಂದು ವಿಧಿಯನ್ನು ಹೊತ್ತುಕೊಂಡು ಬರುತ್ತದೆ. ಆಟಗಾರನು ಕಡಮೆಯೆಂದರೆ 60 ಎಲೆಗಳ ಕಟ್ಟನ್ನು ತಾನೇ ಆಯ್ದು ಕೂಡಿಸಬೇಕು. ಏಳು ಎಲೆಗಳ ಕೈಯಿಂದ ಆಟವನ್ನು ತೊಡಗಬೇಕು. ಇಪ್ಪತ್ತಾಗಿ ಆರಂಭವಾಗುವ ಪ್ರಾಣಸಂಖ್ಯೆಯು ಸೊನ್ನೆಗೆ ಇಳಿದವನು ಸೋತವನು. ಇವು ಸಾಮಾನ್ಯ ನಿಯಮಗಳು. ಇವುಗಳ ವಿಸ್ತಾರವಾದ ನಿಯಮಗ್ರಂಥವು ಇನ್ನೂರು ಪುಟಗಳಿಗೂ ಮಿಕ್ಕುದು. ಅದರ ಮೊದಲಲ್ಲಿಯೇ ಒಂದು ಪರಿಭಾಷೆಯಿದೆ: ಗ್ರಂಥಕ್ಕೂ ಎಲೆಗೂ ವಿರೋಧ ಬಂದಲ್ಲಿ ಎಲೆಯ ಮಾತೇ ಬಲವತ್ತರವೆಂಬುದು ಅದರ ತಾತ್ಪರ್ಯ. ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ಇದು ಉತ್ಸರ್ಗಾಪವಾದನ್ಯಾಯವೆಂದು ಹೇಳಬೇಕಾದುದಿಲ್ಲ. ಒಂದೇ ಎಲೆಯ ನಾಲ್ಕು ಪ್ರತಿಗಳಿಗಿಂತ ಹೆಚ್ಚು ಕಟ್ಟಿನಲ್ಲಿರಕೂಡದೆಂಬುದು ಉತ್ಸರ್ಗ. 2004ರಲ್ಲಿ ಹೊರಟ ‘ರಿಲೆಂಟ್‌ಲೆಸ್ ರ‍್ಯಾಟ್ಸ್’ ಎಂಬ ಎಲೆಯು ತನ್ನ ಪ್ರತಿಗಳು ಎಷ್ಟಾದರೂ ಇರಬಹುದೆಂದು ತಾನೇ ವಿಧಿಸಿಕೊಳ್ಳುತ್ತದೆ, ಅದು ಅಪವಾದ. ಇಲಿಗಳಿಗೆ ಈ ಅಧಿಕಾರವನ್ನು ಕೊಟ್ಟವನು ಲೋಕವನ್ನು ಬಲ್ಲವನೆಂದೇ ಹೇಳಬೇಕು.

ಸಮಾನಬಲವುಳ್ಳ ಎರಡು ವಿಧಿಗಳು ಒಂದೆಡೆ ಕೂಡಿ ವಿರೋಧಿಸಿದಾಗ ಪರವಾದುದೇ ನಡೆಯತಕ್ಕುದೆಂಬುದು ಪಾಣಿನಿಯ ವಿಪ್ರತಿಷೇಧದ ನಿರ್ಣಯ. ಈ ಆಟದಲ್ಲಿಯೂ ಒಂದು ಎಲೆಯು ಪ್ರಾಣಿಯೊಂದಕ್ಕೆ ಹಾರುವ ಶಕ್ತಿಯನ್ನು ಕೊಟ್ಟು ಇನ್ನೊಂದು ಎಲೆಯು ಅದನ್ನು ಕಿತ್ತುಕೊಂಡರೆ ಯಾವುದು ಕಾಲದಲ್ಲಿ ಹಿಂದಿನದೋ ಅದು ಸೋಲುತ್ತದೆ, ಬಳಿಕ ಬಂದುದು ನಿಲ್ಲುತ್ತದೆ. ಸಾಮ್ಯವು ಇಷ್ಟು ನಿಕಟವಾಗಿದ್ದರೂ ಭೇದವನ್ನು ಮರೆಯಕೂಡದು. ಪಾಣಿನಿಯಲ್ಲಿ ಪರತ್ವವು ಸೂತ್ರಪಾಠದ ಕ್ರಮದಿಂದ ಸಿದ್ಧವಾದುದು. ಆದುದರಿಂದ ಅದು ನಿತ್ಯ. ಇಲ್ಲಿ ಪರತ್ವವು ಆಟದ ನಡುವೆ, ಆಯಾ ಕ್ಷಣದಲ್ಲಿ ಹುಟ್ಟುತ್ತದೆ. ಪಾಣಿನಿಯನ್ನು ಬಲ್ಲವನಿಗೆ ಸೂತ್ರಗಳ ಸ್ಥಾನವು ತಿಳಿದಿದ್ದರೆ ಸಾಕು. ಈ ಆಟಗಾರನಿಗೆ ಯಾವಾಗ ಸುಮ್ಮನಿದ್ದು ಯಾವಾಗ ಎಲೆಯನ್ನಿಡಬೇಕೆಂಬ ಕಾಲಜ್ಞಾನವೂ ಬೇಕು. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯವು ಎಲ್ಲರಿಗೂ ತಿಳಿದದ್ದೇ ಆಗಿದ್ದು, ಎದುರಿನ ಅರ್ಥಧಾರಿಯು ಮಾತನ್ನು ಎಲ್ಲಿ ನಿಲ್ಲಿಸುವನೆಂದು ಕಾಯುತ್ತಾ ಕುಳಿತ ಪ್ರತ್ಯರ್ಥಿಯ ಬುದ್ಧಿಯು ಇಂತಹುದು.

ಮೀಮಾಂಸಕರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದಗಳೆಂದು ಐದಾಗಿ ವಿಭಜಿಸುತ್ತಾರೆ. ಮಂತ್ರವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಅಂಗೈಯಗಲದ ಈ ಎಲೆಯಲ್ಲಿ ಕಾಣಸಿಗುತ್ತವೆ. ಮೇಲೆ ನಾಮಧೇಯ, ನಡುವೆ ವಿಧಿ ಅಥವಾ ನಿಷೇಧ, ಕೆಳಗೆ ಓರೆಯಕ್ಷರದಲ್ಲಿ ಒಂದೆರಡು ಸಾಲಿನ ವರ್ಣನೆ. ಈ ವರ್ಣನೆಯು ಕಥೆಯನ್ನು ಸೂಚಿಸುತ್ತದೆ, ರಸವನ್ನು ಹುಟ್ಟಿಸುತ್ತದೆ, ಆದರೆ ಏನನ್ನೂ ವಿಧಿಸುವುದಿಲ್ಲ. ಆದುದರಿಂದ ಅದು ಶುದ್ಧವಾದ ಅರ್ಥವಾದ. ಇದಲ್ಲದೆ ಕೆಲವು ಎಲೆಗಳಲ್ಲಿ ಸಂಜ್ಞಾಶಬ್ದದ ಪಕ್ಕದಲ್ಲಿ ಆವರಣದೊಳಗೆ ಅದರ ವಿವರಣೆಯಿರುತ್ತದೆ. ಅದಕ್ಕೆ ನಿಯಮದ ಬಲವಿಲ್ಲವೆಂದು ನಿಯಮಗ್ರಂಥವೇ ಹೇಳುವುದರಿಂದ ಅದನ್ನು ವೃತ್ತಿಯೆಂದು ಕರೆಯಬಹುದು. ಸೂತ್ರ, ವೃತ್ತಿ, ಅರ್ಥವಾದಗಳ ತಾರತಮ್ಯವನ್ನು ತರಗತಿಯಲ್ಲಿ ಕಲಿಸಲು ಅಧ್ಯಾಪಕರು ಪಡುವ ಶ್ರಮವನ್ನು ನೆನೆದರೆ, ಹದಿನಾರು ವರ್ಷದ ಹುಡುಗನು ಆಟದ ನೆಪದಿಂದ ಈ ಮೂರನ್ನೂ ಬೆರಸದೆ ಓದುವುದು ಅಲ್ಪವಾದುದಲ್ಲ.

ನಿಷೇಧದ ವಿಷಯದಲ್ಲಿ ಮಾತ್ರ ಈ ಶಾಸ್ತ್ರವು ಮೀಮಾಂಸೆಯಿಂದ ಅಗಲುತ್ತದೆ. ಷೋಡಶಿಗ್ರಹಣದಲ್ಲಿ ಗ್ರಹಿಸಬೇಕೆಂಬ ವಾಕ್ಯವೂ ಗ್ರಹಿಸಬಾರದೆಂಬ ವಾಕ್ಯವೂ ಇರುವುದರಿಂದ ಎರಡಕ್ಕೂ ಪ್ರಾಮಾಣ್ಯವನ್ನು ಉಳಿಸಲು ಮೀಮಾಂಸಕರು ವಿಕಲ್ಪವನ್ನು ಒಪ್ಪುತ್ತಾರೆ. ಆಟವು ಒಪ್ಪುವುದಿಲ್ಲ. ಒಂದು ಎಲೆಯು ಮಾಡಬಹುದೆಂದೂ ಇನ್ನೊಂದು ಆಗದೆಂದೂ ಹೇಳಿದರೆ ಆಗದೆಂಬುದೇ ಗೆಲ್ಲುತ್ತದೆ. ಆಟಕ್ಕೆ ಒಂದು ನಿರ್ಣಯವು ಒಡನೆಯೇ ಬೇಕಷ್ಟೆ. 2019ರಲ್ಲಿ ಅಲೆಕ್ಸ್ ಚರ್ಚಿಲ್ ಮೊದಲಾದ ಮೂವರು, ಗಣಕಯಂತ್ರವು ಮಾಡಬಲ್ಲ ಯಾವ ಗಣನೆಯನ್ನಾದರೂ ಈ ಎಲೆಗಳಿಂದಲೇ ಕಟ್ಟಬಹುದೆಂದು ಸಾಧಿಸಿದರು. ಇಷ್ಟು ಜಟಿಲವಾದ ರಚನೆಯನ್ನು ಇಸ್ಪೀಟೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ದೋಷಪಕ್ಷ. ಅಂತರ್ಜಾಲದ ರೂಪದಲ್ಲಿ ವಿಧಿಗಳನ್ನು ನಡಸುವವನು ಆಟಗಾರನಲ್ಲ, ಯಂತ್ರ. ಆಡಲು ಬರುವ ಎಲೆಯು ತಾನೇ ಬೆಳಗುತ್ತದೆ. ಆಡಲು ಬಾರದುದು ಮಂಕಾಗಿಯೇ ಇರುತ್ತದೆ. ವಾದವಿಲ್ಲ, ಮಧ್ಯಸ್ಥನಿಲ್ಲ. ಕಾಗದದ ಆಟದಲ್ಲಿ ವಾಕ್ಯಾರ್ಥವನ್ನು ತಾನೇ ನಿರ್ಣಯಿಸಿ ಎದುರಾಳಿಗೆ ಒಪ್ಪಿಸಬೇಕಾಗಿದ್ದವನು ಇಲ್ಲಿ ಫಲವನ್ನು ನೋಡಿ ಅರ್ಥವನ್ನು ಊಹಿಸುವವನಾಗುತ್ತಾನೆ. ಎಲೆಗಳನ್ನು ಕಲಸುವುದೂ ಯಂತ್ರವೇ. ಒಂದೇ ಪಂದ್ಯದ ಆಟದಲ್ಲಿ ಅದು ಒಂದಕ್ಕಿಂತ ಹೆಚ್ಚು ಕೈಗಳನ್ನು ಹಂಚಿನೋಡಿ ಕಟ್ಟಿನ ಪ್ರಮಾಣಕ್ಕೆ ಸಮೀಪವಾದುದನ್ನು ಕೊಡುತ್ತದೆಂದು ಹೊರಡಿಸಿದವರೇ ತಿಳಿಸಿರುತ್ತಾರೆ. ಉದ್ದೇಶವು ಒಳ್ಳೆಯದಿರಬಹುದು. ಆದರೂ ನಳನು ಋತುಪರ್ಣನಿಂದ ಕಲಿತ ಅಕ್ಷಹೃದಯವು ಈಗ ಆಟಗಾರನಿಗಲ್ಲದೆ ಹಲಗೆಗೇ ಬಂದಂತಾಯಿತು.

ತುಳುನಾಡಿನ ಚೆನ್ನೆಮಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ; ಬರೆದಿಟ್ಟ ನಿಯಮವೊಂದೂ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಬೇಸಾಯದ ಕೆಲಸ ನಿಂತಾಗ ಆಡತಕ್ಕುದೆಂದು ಕಾಲನಿಯಮ. ಅಕ್ಕತಂಗಿಯರು ಎದುರುಬದುರಾಗಿ ಆಡಬಾರದೆಂಬ ನಿಷೇಧವೂ ಉಂಟು. ಸಿರಿಯ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತಾ ಜಗಳಕ್ಕೆ ಬೀಳುತ್ತಾರೆ. ಒಬ್ಬಳು ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಆಟದ ನಿಯಮವು ಆಡುವವರ ಸಂಬಂಧದೊಳಗೇ ಇರುತ್ತದೆ, ಮುರಿದರೆ ಮುರಿಯುವುದೂ ಆ ಸಂಬಂಧವೇ ಎಂಬ ಅರಿವು ಆ ಕಥೆಯ ಹಿಂದಿದೆ. ಅಂತರ್ಜಾಲದ ಎದುರಾಳಿಗೆ ಮುಖವಿಲ್ಲ. ಆದುದರಿಂದ ಜಗಳವೂ ಇಲ್ಲ. ಇದನ್ನು ಗುಣವೆಂದು ಎಣಿಸುವವರು ಇರಬಹುದು. ಮಳೆಯ ಮಾತಂತೂ ತಲೆಕೆಳಗಾಗಿದೆ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಗಳು ರಸ್ತೆಯ ಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿರಲು ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಪಾಠಕ್ಕೆ ಒದಗದ ಸಂಪರ್ಕವು ಆಟಕ್ಕೆ ಒದಗೀತೆ? ಸಂಪರ್ಕವು ಕಡಿದರೂ ಯಂತ್ರವು ಸಮಯವನ್ನು ಎಣಿಸುತ್ತಲೇ ಇರುತ್ತದೆ, ಮೀರಿದರೆ ಸೋಲು. ಮಳೆಯೇ ಚೆನ್ನೆಯನ್ನು ಆಡಿಸಿತು. ಅದೇ ಮಳೆಯು ಈ ಆಟವನ್ನು ಕೆಡಿಸುತ್ತದೆ. ಇನ್ನೂರು ಪುಟಗಳ ನಿಯಮಗ್ರಂಥವು ಆಟಿಯ ಮಳೆಯನ್ನು ಅರಿಯದು.

ಇದಕ್ಕಿಂತ ಹಿರಿದಾದ ದೋಷವು ಸ್ವತ್ವದ್ದು. ಒಂದು ವಸ್ತುವನ್ನು ಇಷ್ಟಬಂದಂತೆ ವಿನಿಯೋಗಿಸಲು ಅರ್ಹತೆಯಿರುವುದೇ ಸ್ವತ್ವವೆಂದು ಧರ್ಮಶಾಸ್ತ್ರನಿಬಂಧಕಾರರು ಲಕ್ಷಣವನ್ನು ಹೇಳುತ್ತಾರೆ. ಸಂಗ್ರಹದ ಆಟವೆಂದು ಹೆಸರಾದರೂ ಅರೇನಾದ ಎಲೆಯನ್ನು ಗೆಳೆಯನಿಗೆ ಕೊಡಲು ಬರುವುದಿಲ್ಲ, ಬದಲಾಯಿಸಿಕೊಳ್ಳಲು ಬರುವುದಿಲ್ಲ, ಮಗನಿಗೆ ಬಿಟ್ಟುಹೋಗಲು ಬರುವುದಿಲ್ಲ. ಭೋಗವುಂಟು, ಸ್ವತ್ವವಿಲ್ಲ. ಪುತ್ತೂರು ಸೀಮೆಯ ಹಿರಿಯರಿಗೆ ಮೂಲಗೇಣಿ ಚಾಲಗೇಣಿಗಳ ಭೇದವನ್ನು ವಿವರಿಸಬೇಕಾಗಿಲ್ಲ. ಮೂಲಗೇಣಿದಾರನ ಹಕ್ಕು ತಲೆಮಾರಿಗೆ ಇಳಿಯುತ್ತಿತ್ತು. ಚಾಲಗೇಣಿದಾರನು ಧಣಿಯ ಮನಸ್ಸು ಇರುವವರೆಗೆ ಮಾತ್ರ ಉಳುವವನು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಹೊಲದಲ್ಲಿ ಅಳಿದುಹೋದ ಆ ಚಾಲಗೇಣಿಯು ಮೊಮ್ಮಗನ ಫೋನಿನಲ್ಲಿ ಮರಳಿ ಬಂದಿದೆ. ಇದು ಉತ್ಪ್ರೇಕ್ಷೆಯಲ್ಲ. ಇದೇ ಜಾತಿಯ ‘ಹಾರ್ಥ್‌ಸ್ಟೋನ್’ (2014) ಎಂಬ ಆಟವು, ಹೊರಡಿಸಿದವರಿಗೂ ಅಲ್ಲಿ ನಡಸುತ್ತಿದ್ದವರಿಗೂ ಒಪ್ಪಂದವು ಮುಗಿದುದರಿಂದ, 2023ರ ಜನವರಿಯಲ್ಲಿ ಚೀನಾದೇಶದಲ್ಲಿ ನಿಂತುಹೋಯಿತು. ವರ್ಷಗಳ ಸಂಗ್ರಹವು ಒಂದು ರಾತ್ರಿಯಲ್ಲಿ ಕೈಬಿಟ್ಟಿತು. 2024ರಲ್ಲಿ ಅದು ಮರಳಿ ಬಂದುದೂ ಧಣಿಗಳು ಒಪ್ಪಿದುದರಿಂದಲೇ. ಮೈಸೂರಿನ ಅರಸರ ಛದಗಳಾದರೋ ಆ ಕಾಲದ ಆಟಗಾರರೆಲ್ಲರೂ ಅಳಿದ ಮೇಲೂ ಉಳಿದಿವೆ.

ಎಲೆಗಳನ್ನು ಪಡೆಯುವ ಬಗೆಯೂ ವಿಚಾರಾರ್ಹ. ಒಳಗೇನಿದೆಯೆಂದು ತಿಳಿಯದ ಪೊಟ್ಟಣವನ್ನು ಆಡಿ ಗಳಿಸಿದ ನಾಣ್ಯದಿಂದಲೋ ನಿಜವಾದ ಹಣದಿಂದಲೋ ಕೊಳ್ಳಬೇಕು. ಇದು ಕ್ರಯವೆ, ಪಣವೆ? ಕೊಂಡುದನ್ನು ಪರೀಕ್ಷಿಸಿ ಹಿಂದಿರುಗಿಸುವ ಅವಕಾಶವನ್ನು ಸ್ಮೃತಿಗಳು ಕ್ರಯದ ಅಂಗವಾಗಿಯೇ ಎಣಿಸಿವೆ, ಇಲ್ಲಿ ಅದಿಲ್ಲ. ಪಣವೆನ್ನೋಣವೆಂದರೆ ಗೆದ್ದವನಿಗೆ ಧನವೂ ಬರುವುದಿಲ್ಲ. ಕರ್ನಾಟಕವು 2021ರಲ್ಲಿ ತಂದ ಆನ್‌ಲೈನ್ ಜೂಜಿನ ನಿಷೇಧವನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಆದ ಕೇಂದ್ರದ ಶಾಸನವು ಧನಲಾಭದ ನಿರೀಕ್ಷೆಯಿಂದ ಪಣವೊಡ್ಡುವ ಆಟಗಳನ್ನು ನಿಷೇಧಿಸುತ್ತದೆ. ಲಾಭದ ನಿರೀಕ್ಷೆಯೇ ಇಲ್ಲದೆ ಬರಿಯ ವ್ಯಯವಿರುವ ಈ ಪೊಟ್ಟಣವು ಆ ಲಕ್ಷಣದ ಹೊರಗೆ ಉಳಿಯುತ್ತದೆ. ಲಕ್ಷಣಕ್ಕೆ ಅವ್ಯಾಪ್ತಿದೋಷವಿದೆಯೆಂದು ತಾರ್ಕಿಕನು ಹೇಳಿಯಾನು.

ಕಡೆಗೆ ಭಾಷೆಯ ಮಾತು. ಈ ಎಲೆಗಳು ಜಪಾನೀ, ಜರ್ಮನ್ ಮೊದಲಾದ ಭಾಷೆಗಳಲ್ಲಿ ಇವೆ, ಕನ್ನಡದಲ್ಲಿ ಇಲ್ಲ. ಇಂಗ್ಲಿಷಿನ ವಿಧಿವಾಕ್ಯವನ್ನು ಕನ್ನಡಕ್ಕೆ ತರಲು ತೊಡಗಿದೊಡನೆ ಒಂದು ಸ್ವಾರಸ್ಯವು ಎದುರಾಗುತ್ತದೆ. ‘ಕಾಂಟ್’ ಎಂಬ ಅವರ ಒಂದೇ ಮಾತಿನಲ್ಲಿ ಅಶಕ್ತಿಯೂ ನಿಷೇಧವೂ ಅಡಗಿವೆ. ಕನ್ನಡವು ‘ಲಾರ’, ‘ಕೂಡದು’ ಎಂದು ಬಿಡಿಸಿ ಹೇಳುತ್ತದೆ. ಪುತ್ತೂರಿನ ಪೇಟೆಯಲ್ಲಿ ತುಳುವಾಡುವ ಮಗುವೂ ‘ಆಪುಜಿ’ ಎಂಬಲ್ಲಿ ‘ಬಲ್ಲಿ’ ಎನ್ನುವುದಿಲ್ಲ. 2003ರಲ್ಲಿ ಹೊರಟ ‘ಪ್ಲ್ಯಾಟಿನಂ ಏಂಜೆಲ್’ ಎಂಬ ಎಲೆಯು, ತಾನಿರುವವರೆಗೆ ತನ್ನ ಒಡೆಯನಿಗೆ ಸೋಲಾಗದಂತೆಯೂ ಎದುರಾಳಿಗೆ ಗೆಲವಾಗದಂತೆಯೂ ತಡೆಯುತ್ತದೆ. ಇಲ್ಲಿ ‘ಸೋಲಕೂಡದು’ ಎಂದರೆ ತಪ್ಪು: ಕೂಡದೆಂಬುದು ಮಾಡಬಲ್ಲವನಿಗೆ ಹೇಳುವ ಮಾತು. ‘ಸೋಲಲಾರೆ’ ಎಂಬುದು ಅರ್ಥಕ್ಕೆ ಒಪ್ಪುತ್ತದೆ. ಆದರೆ ಎದುರಾಳಿಯ ಪಾಲಿಗೆ ‘ಗೆಲ್ಲಲಾರನು’ ಎನ್ನಬೇಕೊ ‘ಲಾರಳು’ ಎನ್ನಬೇಕೊ ಎಂದು ಲಿಂಗವು ಅಡ್ಡ ಬರುತ್ತದೆ. ‘ಲಾರರು’ ಎಂದು ಗೌರವಬಹುವಚನವನ್ನಿಟ್ಟರೆ ಒಬ್ಬನೆ ಹಲವರೆ ಎಂಬ ಸಂಶಯ; ಈ ಶಾಸ್ತ್ರದಲ್ಲಿ ಆ ಸಂಶಯವು ಸಲ್ಲದು. ಕ್ರಿಯಾಪದವನ್ನೇ ಬಿಟ್ಟು ಚತುರ್ಥಿಯನ್ನು ಹಿಡಿದು, ‘ಒಡೆಯನಿಗೆ ಸೋಲಿಲ್ಲ, ಎದುರಾಳಿಗೆ ಗೆಲವಿಲ್ಲ’ ಎಂದರೆ ಸೂತ್ರವು ನಾಲ್ಕೇ ಮಾತುಗಳಲ್ಲಿ ಮುಗಿಯುತ್ತದೆ. ಒಡೆಯಶಬ್ದದ ಲಿಂಗವು ಬೇಡವೆಂದರೆ ‘ನಿನಗೆ’ ಎಂದು ಸಂಬೋಧಿಸಬಹುದು. ಎದುರಾಳಿಗಳು ಹಲವರಿರುವ ಆಟದಲ್ಲಿಯೂ ‘ಎದುರಾಳಿಗೆ’ ಎಂಬುದು ಜಾತಿಯೇಕವಚನವಾಗಿ ಎಲ್ಲರನ್ನೂ ಒಳಗೊಳ್ಳುತ್ತದೆ.