ಅಂಡನಾಳದ ಗರ್ಭ: ಮೂರು ಲಕ್ಷಣಗಳ ಪಾಠ ಸಾಕೇ?

ಗರ್ಭಕೋಶದ ಹೊರಗೆ ನಿಲ್ಲುವ ಗರ್ಭದ ಬಗ್ಗೆ ಕನ್ನಡದ ಆರೋಗ್ಯ ಲೇಖನಗಳು ಸಾಮಾನ್ಯವಾಗಿ ಒಂದೇ ಪಾಠ ಹೇಳುತ್ತವೆ: ಮುಟ್ಟು ತಪ್ಪುವುದು, ಕಿಬ್ಬೊಟ್ಟೆಯ ನೋವು, ರಕ್ತಸ್ರಾವ. ಇದು ತಪ್ಪಲ್ಲ. ಆದರೆ ಮೂರೂ ಒಟ್ಟಿಗೆ ಬರಲೇಬೇಕೆಂದು ಓದುಗರು ತಿಳಿದರೆ ಅಪಾಯ. ಅಕಾಲದ ರಕ್ತಸ್ರಾವವನ್ನೇ ಮುಟ್ಟೆಂದು ಭಾವಿಸುವವರುಂಟು. ನಾಳ ಒಡೆದು ಹೊಟ್ಟೆಯೊಳಗೆ ಶೇಖರವಾದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಭುಜದ ತುದಿಯಲ್ಲಿ ಕಾಣಿಸಿಕೊಳ್ಳಬಹುದು. ಇದನ್ನು ಬರೆಯುವವರು ವಿರಳ. ಹಿಂದಿನ ಸೋಂಕು, ಶಸ್ತ್ರಕ್ರಿಯೆ ಎಂಬ ಕಾರಣಗಳ ಪಟ್ಟಿಯೂ ಅಷ್ಟೆ. ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಅಂಥ ಯಾವ ಕಾರಣವೂ ಸಿಗುವುದಿಲ್ಲ.

ಇದಕ್ಕಿಂತ ದೊಡ್ಡ ಲೋಪ ಮಾತ್ರೆಗಳ ಬಗೆಗಿನ ಮೌನ. ಮನೆಯಲ್ಲಿ ಮಾಡುವ ಮೂತ್ರಪರೀಕ್ಷೆ ಗರ್ಭ ಇದೆಯೆಂದು ಹೇಳೀತು, ಎಲ್ಲಿದೆಯೆಂದು ಹೇಳದು. ಸ್ಕ್ಯಾನ್ ಮಾಡಿಸದೆ ಔಷಧದಂಗಡಿಯಿಂದ ಮಿಫೆಪ್ರಿಸ್ಟೋನ್, ಮಿಸೊಪ್ರೊಸ್ಟಾಲ್ ತಂದು ನುಂಗಿದರೆ ರಕ್ತ ಹೋಗುತ್ತದೆ, ಎಲ್ಲ ಮುಗಿಯಿತೆನಿಸುತ್ತದೆ. ನಾಳದಲ್ಲಿರುವ ಗರ್ಭವನ್ನು ಆ ಮಾತ್ರೆಗಳು ತೆಗೆಯಲಾರವು.

ಚಿಕಿತ್ಸೆಯ ಭಾಗಕ್ಕೆ ಬಂದರೆ "ಈಗ ಇಂಜೆಕ್ಷನ್ ಸಾಕು" ಎಂಬ ಸಾಲು. ಮೆಥೊಟ್ರೆಕ್ಸೇಟ್ ಉಪಯುಕ್ತವೇ, ಆದರೆ ನಾಳ ಒಡೆದಿರಬಾರದು, ರಕ್ತದೊತ್ತಡ ಸ್ಥಿರವಾಗಿರಬೇಕು, ಎಚ್‌ಸಿಜಿ ಮಟ್ಟ ಹೆಚ್ಚಿರಬಾರದು. 4ನೇ ಮತ್ತು 7ನೇ ದಿನದ ಪರೀಕ್ಷೆಗಳ ನಡುವೆ ಆ ಮಟ್ಟ ಶೇ. 15ರಷ್ಟಾದರೂ ಇಳಿಯಬೇಕು, ಆಮೇಲೂ ವಾರಕ್ಕೊಮ್ಮೆ ರಕ್ತಪರೀಕ್ಷೆ. ಫೋಲಿಕ್ ಆಮ್ಲದ ಮಾತ್ರೆ ಔಷಧದ ಪರಿಣಾಮವನ್ನು ಕುಗ್ಗಿಸುವುದರಿಂದ ಅದನ್ನು ನಿಲ್ಲಿಸಬೇಕು. ಗರ್ಭಿಣಿಗೆ ತಪ್ಪದೆ ಕೊಡುವ ಮಾತ್ರೆಯೇ ಇದು! ಮತ್ತೆ ಮತ್ತೆ ಆಸ್ಪತ್ರೆಗೆ ಬರಲಾಗದ ಊರಿನವಳಿಗೆ ಉದರದರ್ಶಕದ ಮೂಲಕ ಮಾಡುವ ಶಸ್ತ್ರಕ್ರಿಯೆಯೇ ಹೆಚ್ಚು ಕ್ಷೇಮ ಎಂಬುದನ್ನೂ ಆ ಸಾಲಿನ ಪಕ್ಕದಲ್ಲೇ ಬರೆಯಬೇಕಿತ್ತು.